ಹೊಳೆ ಕಲಸಿದ ಮಾದ್ಲಿ

ಕಾಶಿಗೆ ಹೋದವರು ತಮಗೆ ಪ್ರೀತಿಯಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಬಿಡುವವರೂ ಜಾಣರೇ. ಮದ್ದೂರಿನ ಉರುಕುಂದಪ್ಪ ಹಾಗಲಕಾಯಿ ಬಿಟ್ಟು ಬಂದ. ಹುಟ್ಟಿದಾಗಿನಿಂದ ಅವನು ಹಾಗಲಕಾಯಿ ಮುಟ್ಟಿದವನಲ್ಲ. ಕೋಸಗಿಯ ಸಾಹುಕಾರರ ಮನೆಯವರು ಒಬ್ಬೊಬ್ಬರಾಗಿ ಸೋರೆ, ಪಡವಲ, ಕುಂಬಳ ಬಿಟ್ಟರು. ಅವರ ಜೊತೆಗೆ ಹೋಗಿದ್ದ ನನ್ನ ಗೆಳೆಯ ಮಹಾಂತಯ್ಯ ಮಾತ್ರ ಎದೆಮಟ್ಟ ನೀರಿನಲ್ಲಿ ನಿಂತು, ಕಣ್ಣೀರು ಸುರಿಸಿ, ಸಿಹಿಯನ್ನೇ ಬಿಟ್ಟು ಬಂದ.

"ಸಿಹಿ ಅಂದ್ರ ಯಾವ ಸಿಹಿ?" ಎಂದು ಅವನು ಊರಿಗೆ ಬಂದ ದಿನವೇ ಕೇಳಿದೆ.

"ಎಲ್ಲಾ ಸಿಹಿ."

"ಬಾಳಿಹಣ್ಣು?"

"ಅದು ಗಿಡ ಕೊಡೋದು. ನಡೀತೈತಿ."

"ಜೇನುತುಪ್ಪ?"

"ಹುಳ ಮಾಡೋದು. ನಡೀತೈತಿ. ಒಲಿ ಮ್ಯಾಲ ಏರಿದ್ದು ನಡಿಯಂಗಿಲ್ಲ."

"ಸೋರಿಕಾಯಿ ಬಿಟ್ಟಿದ್ರ ಏನಾಗತಿತ್ತು ಸ್ವಾಮಿ?"

"ತಣ್ಣೀರಾಗ ನಿಂತಿದ್ದೆ ಲಿಂಗಣ್ಣ. ಬುದ್ಧಿ ಮರಗಟ್ಟಿತ್ತು. ಬಾಯಿಗೆ ಬಂದುಬಿಡ್ತು," ಎಂದ. ಅವತ್ತೂ ಅವನ ಕಣ್ಣಲ್ಲಿ ನೀರಿತ್ತು. ಭಕ್ತಿಯದೋ ಪಶ್ಚಾತ್ತಾಪದ್ದೋ ನಾನು ಕೇಳಲಿಲ್ಲ.

ಮಹಾಂತಯ್ಯ ಜಂಗಮ. ನಾರಾಯಣಪೇಟೆಯ ಲಿಂಗವಂತರ ಮನೆಗಳಲ್ಲಿ ಯಾವ ಕಾರ್ಯವಾದರೂ ಮೊದಲ ಎಲೆ ಅವನದು. ಮೂವತ್ತು ವರ್ಷ ಹೀಗೆ ಉಂಡುಂಡು ಅವನ ನಾಲಿಗೆ ಊರಿಗೇ ಹೆಸರಾಗಿತ್ತು. ಒಂದು ತುತ್ತು ಹೋಳಿಗೆ ಬಾಯಿಗಿಟ್ಟರೆ ತುಪ್ಪ ಯಾರ ಮನೆಯ ಎಮ್ಮೆಯದು, ಬೇಳೆ ಬೇಯುವಾಗ ಸೊಸೆ ಎಷ್ಟು ಹೊತ್ತು ಹರಟೆಗೆ ಹೋಗಿದ್ದಳು ಎಂದು ಹೇಳುತ್ತಿದ್ದ. ಅಂಥ ನಾಲಿಗೆ ಗಂಗೆಯ ಪಾಲಾದದ್ದಕ್ಕೆ ಊರೆಲ್ಲ ಮರುಗಿತು. ನಾನು ಮರುಗುತ್ತಲೇ ನಗುತ್ತಿದ್ದೆ. ನನಗೇ ಆ ನಾಲಿಗೆ ಬೇಕಾಗುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ನನ್ನ ಹಿರಿಯ ಮಗಳು ಶಿವಬಸಮ್ಮನನ್ನು ಗದ್ವಾಲಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನದು. ಆದರೆ ನನ್ನ ತವರೆಂಬುದು ಎಂಥದು? ಹೆಂಡತಿ ತೀರಿಕೊಂಡು ಆರು ವರ್ಷ. ನಾನು ಹಗಲೆಲ್ಲ ನೇಕಾರರಿಗೆ ನೂಲು ತೂಗಿ ಕೊಟ್ಟು ಬಂದು, ಸಂಜೆ ಕೆಳಗಿನ ಮೂರು ಮಕ್ಕಳ ತಲೆ ಬಾಚಿ, ಯಾರ ಜಡೆ ಯಾವ ಕಡೆ ಹೋಯಿತೆಂದು ಬೈಸಿಕೊಳ್ಳುವವನು. ಒಲೆಯ ಮುಂದೆ ನನ್ನ ಅಕ್ಕ ಶಂಕ್ರಮ್ಮ. ಆಕೆಯೂ ಗಂಡನನ್ನು ಕಳೆದುಕೊಂಡವಳು. ಮಂಡಿ ನೋವು, ಕೈಬೆರಳು ಸೊಟ್ಟ, ಬಾಯಿ ಮಾತ್ರ ನೆಟ್ಟಗೆ.

ಮಗಳ ಅತ್ತೆ ವೀರಬಸಮ್ಮ ಹೇಳಿಕಳಿಸಿದ್ದಳು: "ತಾಯಿ ಇಲ್ಲದ ಮನಿಗೆ ಬಸುರಿನ ಹೆಂಗ ಕಳಸ್ಲಿ? ಬಯಕಿ ಬುಟ್ಟಿ ತರ್ಲಿ. ಮನಿಯಾಗ ಮಾಡಿದ ಸಿಹಿನೇ ಇರ್ಲಿ. ಆ ಮನಿಯಾಗ ಹೆಣ್ಣಿನ ಕೈ ಐತೋ ಇಲ್ಲೋ ತಿಂದು ನೋಡ್ತೀನಿ. ಇದ್ರ ಕಳಸ್ತೀನಿ. ಇಲ್ಲಂದ್ರ ಇಲ್ಲೇ ಹಡೀಲಿ." ಆಕೆ ಬರೀ ಮಾತಿನವಳಲ್ಲ. ಪಂಚಮಿಗೆ ನಾನು ನಮ್ಮ ಪೇಟೆಯಲ್ಲಿ ಕೊಂಡು ಕಳಿಸಿದ ಉಂಡೆಗಳನ್ನು 'ಎಣ್ಣಿ ಹಳೇದು' ಎಂದು ತಂದ ಆಳಿನ ಕೈಯಲ್ಲೇ ತಿರುಗಿಸಿ ಕಳಿಸಿದ್ದಳು.

ಈ ಸಲ ಅತ್ತೆಯ ಹೇಳಿಕೆ ತಂದ ಆಳಿನ ಕಿವಿಯಲ್ಲಿ ಮಗಳೂ ಒಂದು ಮಾತು ಹಾಕಿದ್ದಳು: "ಅಪ್ಪಗ ಹೇಳು, ಶಂಕ್ರತ್ತಿ ಕೈಯಾಗಿನ ಮಾದ್ಲಿ ತರ್ಲಿ. ನಾ ಮನಿಗೆ ಬರಬೇಕು."

ಅಕ್ಕ ಮೂರು ದಿನ ಕೂತು ಮಾದ್ಲಿ ಮಾಡಿದಳು. ಗೋಧಿಯ ದಪ್ಪ ರೊಟ್ಟಿ ಸುಟ್ಟು, ಕುಟ್ಟಿ, ಜರಡಿ ಹಿಡಿದು, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಯಾಲಕ್ಕಿ ಬೆರೆಸಿದ ಉದುರು ಸಿಹಿ ಅದು. ಹಾಲು ಹಾಕಿಕೊಂಡು ತಿನ್ನುವುದು. ವಿಧವೆಯಾದ್ದರಿಂದ ಬಯಕೆಯ ಬುಟ್ಟಿ ಹಿಡಿದು ತಾನು ಬರುವಂತಿರಲಿಲ್ಲ. ಬರಬೇಕಾಗಿದ್ದ ನೆರೆಮನೆಯ ಮುತ್ತೈದೆ ಆಶಮ್ಮನ ಮಗುವಿಗೆ ಹೊರಡುವ ದಿನವೇ ಜ್ವರ. ಕೊನೆಗೆ ಹೆಂಗಸರ ಬುಟ್ಟಿ ಹೊತ್ತು ಇಬ್ಬರು ಗಂಡಸರು ಹೊರಟೆವು. ಮಾದ್ಲಿ ತುಂಬಿದ ಹಿತ್ತಾಳೆ ಡಬ್ಬಿಯನ್ನು ಅಕ್ಕ ಬಟ್ಟೆಯಲ್ಲಿ ಬಿಗಿದು ಮಹಾಂತಯ್ಯನ ಕೈಗೇ ಕೊಟ್ಟಳು.

"ಇವನ ಕೈಗೆ ಕೊಟ್ರ ದಾರ್ಯಾಗ ಮುಕ್ಕತಾನ. ಸಿಹಿ ಬಿಟ್ಟವರು ನೀವೊಬ್ಬರ ಅಯ್ಯನೋರ. ನಿಮ್ಮ ಕೈಯಾಗ ಇರ್ಲಿ."

ಬಂಡಿಯಲ್ಲಿ ಮಕ್ತಲಕ್ಕೆ ಬಂದು, ಅಲ್ಲಿ ಉಳಿದು, ಕೋಳಿ ಕೂಗುವ ಮೊದಲೇ ಎದ್ದು ಕೃಷ್ಣೆಯ ದಡ ಸೇರಿ ಪುಟ್ಟಿ ಹತ್ತಿದೆವು. ಬುಟ್ಟಿಯಂತೆ ದುಂಡಗಿರುವ ಆ ದೋಣಿ ನಡುಹೊಳೆಗೆ ಬಂದಾಗ ಮಹಾಂತಯ್ಯ ಮೆಲ್ಲಗೆ ಬಟ್ಟೆಯ ಗಂಟು ಬಿಚ್ಚುತ್ತಿದ್ದ.

"ಏನ್ ಮಾಡಾಕತ್ತೀ?"

"ವಾಸನಿ ನೋಡಾಕತ್ತೀನಿ. ಮೂಗೇನು ಕಾಶ್ಯಾಗ ಬಿಟ್ಟಿಲ್ಲಲ್ಲ ನಾ."

ಮುಚ್ಚಳ ತೆಗೆದ. ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ಪುಟ್ಟಿಯ ತಳ ನೀರೊಳಗಿನ ಬಂಡೆಗೆ ತಾಗಿ ಅದು ಗಿರ್ರನೆ ತಿರುಗಿತು. ಒಂದು ಅಲೆ ಅಂಚು ದಾಟಿ ಬಂದು, ಬೇರೆ ಯಾರ ಮೈಮೇಲೂ ಬೀಳದೆ, ಅಳೆದು ಹೊಯ್ದಂತೆ ಡಬ್ಬಿಯೊಳಗೆ ಬಿತ್ತು.

ಅಂಬಿಗ ಹುಟ್ಟು ಹಾಕುವುದನ್ನು ಬಿಟ್ಟು ನಕ್ಕ. ನಾನು ನಗಲಿಲ್ಲ. ದಡಕ್ಕೆ ಬಂದ ಮೇಲೆ ಮಹಾಂತಯ್ಯ ತನ್ನ ಕಾವಿ ಶಲ್ಯದಲ್ಲಿ ಮಾದ್ಲಿಯನ್ನು ಸುರಿದು ನೀರು ಸೋಸಿದ. ಮತ್ತೆ ಸೋಸಿದ. ಉದುರುದುರಾಗಿದ್ದದ್ದು ಗೋಡೆಗೆ ಮೆತ್ತುವ ಮಣ್ಣಿನಂತಾಗಿತ್ತು.

"ಮೀನಿಗೆ ಚೆಲ್ಲು," ಎಂದೆ.

"ಶಂಕ್ರಕ್ಕ ಮೂರು ದಿನ ಕುಟ್ಯಾಳ. ಮೀನಿಗೆ ಬಯಕಿ ಐತೇನು?" ಎಂದು ಅದನ್ನೇ ಡಬ್ಬಿಗೆ ತುಂಬಿ, ಈ ಸಲ ಮುಚ್ಚಳವನ್ನು ಮೂರು ಗಂಟು ಹಾಕಿ ಬಿಗಿದ. ಆಮೇಲೆ ಗದ್ವಾಲದ ಕೋಟೆ ಕಾಣುವವರೆಗೆ ಅವನು ಅದನ್ನು ಕಂಕುಳಿಂದ ತೆಗೆಯಲಿಲ್ಲ.

ಸೂರ್ಯ ನೆತ್ತಿಗೆ ಬರುವ ಮೊದಲು ಬುಟ್ಟಿ ಬೀಗತಿಯ ಮನೆ ಸೇರಬೇಕು. ಅದರಲ್ಲಿ ಸೀರೆ, ಕುಬಸ, ಹಣ್ಣು, ಹೂವು ಎಲ್ಲ ಇದ್ದವು; ಸಿಹಿಯೊಂದಿರಲಿಲ್ಲ. ನಾನೇ ಉಪಾಯ ಹೇಳಿದೆ: ಪೇಟೆಯಲ್ಲಿ ಸಿಹಿ ಕೊಂಡು ಮನೆಯದೆಂದು ಇಡುವುದು.

"ನಿನ್ನ ಬೀಗತಿ ಗದ್ವಾಲದಾಗ ಹುಟ್ಟಿ ಬೆಳೆದಾಕಿ," ಎಂದ.

"ಆಕಿಗೆ ಮನಿ ಸಿಹಿನೇ ಬೇಕು. ಪ್ಯಾಟಿದು ತಿನ್ನಂಗೇ ಇಲ್ಲ. ತಿನ್ನದಾಕಿಗೆ ಅಂಗಡಿ ಗುರುತು ಹೆಂಗ ಸಿಗಬೇಕು?"

ಈ ಮಾತು ಇಬ್ಬರಿಗೂ ಸರಿಯೆನಿಸಿತು. ಆದರೆ ಆರಿಸುವವರು ಯಾರು? ಅವನ ನಾಲಿಗೆಗೆ ಕಾಶಿಯ ಬೀಗ. ನನ್ನ ನಾಲಿಗೆಯನ್ನು ಇಪ್ಪತ್ತು ವರ್ಷದ ತಂಬಾಕು ತಿಂದುಹಾಕಿದೆ. ಕೊನೆಗೆ ಬಾಯಿ ನನ್ನದು, ಮೂಗೂ ತೀರ್ಪೂ ಅವನದು ಎಂದು ಒಪ್ಪಂದವಾಯಿತು.

ಮೊದಲು ಕೋಟೆ ಬಾಗಿಲ ಹಲವಾಯಿಯ ಮಿಠಾಯಿ ಅಂಗಡಿ. ದೊಡ್ಡ ಬಾಣಲೆಯಲ್ಲಿ ಜಿಲೇಬಿ ಏಳುತ್ತಿತ್ತು. ಒಂದನ್ನು ಬಾಯಿಗಿಟ್ಟೆ.

"ಹೆಂಗೈತಿ?" ಎಂದು ಮಹಾಂತಯ್ಯ ನನ್ನ ಗಂಟಲನ್ನೇ ನೋಡುತ್ತ ಕೇಳಿದ.

"ಸಿಹಿ ಐತಿ."

"ಎಮ್ಮಿಗೆ ತಿನಿಸಿದ್ರೂ ಇಷ್ಟು ಹೇಳತಿತ್ತು. ಮೊದಲು ಹುಳಿ ಬಂತೋ, ಸಿಹಿ ಬಂತೋ?"

"ಬಿಸಿ ಬಂತು."

"ಕಡದಾಗ ಸಪ್ಪಳ ಆತೋ ಇಲ್ಲೋ?"

"ನೀ ಮಾತಾಡಾಕತ್ತಿದ್ದೆಲ್ಲ, ಕೇಳಲಿಲ್ಲ."

ಅವನು ಇನ್ನೊಂದು ಜಿಲೇಬಿಯನ್ನು ಎತ್ತಿ ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಕಿವಿಯ ಹತ್ತಿರ ಮುರಿದ. ನಿಟ್ಟುಸಿರು ಬಿಟ್ಟು ನನ್ನ ಕೈಗೆ ಹಾಕಿದ. "ಬ್ಯಾಡ. ಎಲ್ಲಾ ಮೂರುವರಿ ಸುತ್ತು, ಒಂದ ನಮೂನಿ. ಶಂಕ್ರಕ್ಕ ರಂಗೋಲ್ಯಾಗ ಎತ್ತು ಬರದ್ರ ನಾಯಿ ಕಂಡಂಗ ಕಾಣ್ತೈತಿ. ಆಕಿ ಕೈಲೆ ಇಂಥಾ ಜಿಲೇಬಿ ಅಂದ್ರ ಯಾರು ನಂಬತಾರು?"

ಹಲವಾಯಿ ಜಾಲರಿ ಸೌಟು ಕೆಳಗಿಟ್ಟು ಕೇಳಿದ: "ಸ್ವಾಮಿ, ನೀವು ಜಿಲೇಬಿ ಖರೀದಿ ಮಾಡಾಕ ಬಂದೀರೋ, ಹೆಣ್ಣು ನಿಶ್ಚಯ ಮಾಡಾಕ ಬಂದೀರೋ?"

ಅಲ್ಲಿಂದ ಚಂದ್ರಯ್ಯನ ಅಂಗಡಿ. ಅವನ ಲಾಡು ಗದ್ವಾಲಕ್ಕೇ ಹೆಸರು. ತಿಂದೆ, ನನ್ನ ಸತ್ತ ನಾಲಿಗೆ ಕೂಡ ಎದ್ದು ಕೂತಿತು. "ಮಾಂತಯ್ಯ, ಇದು ಬಾಳ ಚೊಲೊ ಐತಿ."

"ಎಷ್ಟು ಚೊಲೊ?"

"ನಿನಗ ಹೇಳಬಾರದು, ಪಾಪ ಬರ್ತೈತಿ."

ಅವನು ಬಾಯಲ್ಲಿ ಬಂದ ನೀರನ್ನು ನುಂಗಿಕೊಂಡ. "ಹಂಗಾದ್ರ ಬ್ಯಾಡ."

ಚಂದ್ರಯ್ಯನಿಗೆ ಸಿಟ್ಟು ಬಂತು. ತೆಲುಗಿಗೆ ಹೊರಳಿದ: "ಬಾಗುಂದಂಟಾರು, ವದ್ದಂಟಾರು! ಇದೇಂ ಬೇರಂ ಸ್ವಾಮಿ?" ಚೆನ್ನಾಗಿದೆ ಎನ್ನುವವರೂ ನೀವೇ, ಬೇಡ ಎನ್ನುವವರೂ ನೀವೇ, ಇದೆಂಥ ವ್ಯಾಪಾರ ಎಂದು.

"ಸಿಟ್ಟಾಗಬ್ಯಾಡಪ್ಪ. ಸ್ವಲ್ಪ ಕೆಟ್ಟಿದ್ದು ಐತೇನು?" ಎಂದು ಮಹಾಂತಯ್ಯ ಬಲು ವಿನಯದಿಂದ ಕೇಳಿದ. ಚಂದ್ರಯ್ಯ ಅಂಗಡಿ ಕಟ್ಟೆಯಿಂದ ಕೆಳಗಿಳಿಯುವುದನ್ನು ಕಂಡು ನಾವು ಬೀದಿಗೆ ಇಳಿದೆವು.

ಮೂರನೆಯದು ರೊಟ್ಟಿ ಭಟ್ಟಿ. ಮಸೀದಿಯ ಹಿಂದಿನ ಓಣಿಯಲ್ಲಿ, ಗೋಡೆಯೊಳಗೆ ಗುಹೆಯಂತಿದ್ದ ಒಲೆ. ತಗಡಿನ ಮೇಲೆ ನಾನ್‌ಖಟಾಯಿ ಸಾಲಾಗಿ ಹೊರಗೆ ಬರುತ್ತಿತ್ತು, ಒಂದೊಂದರ ನೆತ್ತಿ ಬಿರಿದಿತ್ತು. ನಾನು ಒಂದನ್ನು ಬಾಯಿಗಿಟ್ಟೆ; ಮಹಾಂತಯ್ಯ ಬಾಗಿಲಲ್ಲೇ ನಿಂತುಬಿಟ್ಟ. ಮೂಗಿನ ಹೊಳ್ಳೆ ಅರಳಿದವು.

"ತುಪ್ಪ," ಎಂದ. "ಹಸೀ ತುಪ್ಪ ಅಲ್ಲ, ಕಾಸಿ ಆರಿಸಿದ್ದು. ಲಿಂಗಣ್ಣ, ಇದನ್ನು ನಾ ಕಾಶಿಗಿಂತ ಮೊದಲು ಯಾಕ ತಿನ್ನಲಿಲ್ಲ?"

"ಅಂಡಾ ನಹೀಂ, ಸ್ವಾಮಿ. ಮೈದಾ, ಘೀ, ಶಕ್ಕರ್, ಬಸ್," ಎಂದ ಭಟ್ಟಿಯ ಸಾಬ. ಮೊಟ್ಟೆ ಇಲ್ಲವೆಂದು ಎದೆ ಮುಟ್ಟಿ ಹೇಳಿದ. ಅನುಮಾನವಿದ್ದವರು ತಮ್ಮ ಹಿಟ್ಟು ತುಪ್ಪ ತಾವೇ ತಂದು, ಎದುರಿಗೇ ಕೂತು ಸುಡಿಸಿಕೊಂಡು ಹೋಗುತ್ತಾರಂತೆ.

"ಚಲೋ ಐತಿ ಸಾಬ. ಆದ್ರ ನಮ್ಮ ಮನಿಯಾಗ ಇಂಥಾ ಒಲಿ ಇಲ್ಲ. ಬೀಗತಿ ಕೇಳಿದ್ರ ಏನು ಹೇಳೋಣು, ಅಕ್ಕ ಬೂದ್ಯಾಗ ಹೂತು ಸುಟ್ಲು ಅನ್ನೋಣೇನು?"

ಸಾಬ ನಕ್ಕು, ಮಹಾಂತಯ್ಯನ ಕಂಕುಳಲ್ಲಿದ್ದ ಡಬ್ಬಿಯ ಕಡೆ ಗದ್ದ ತೋರಿಸಿದ. "ಉಸ್ಮೆ ಕ್ಯಾ ಹೈ? ಗುಡ್ ಕಿ ಖುಷ್‌ಬೂ ಆರೈ."

ಅದರಲ್ಲೇನಿದೆ, ಬೆಲ್ಲದ ಪರಿಮಳ ಬರುತ್ತಿದೆ ಎಂದದ್ದಕ್ಕೆ ಮಹಾಂತಯ್ಯ ಡಬ್ಬಿಯನ್ನು ಶಲ್ಯದೊಳಗೆ ಸರಿಸಿಕೊಂಡ. "ಬೆಲ್ಲ ಇಲ್ಲ, ಬೇಲಿ ಇಲ್ಲ. ಹೊಳಿ ಪಾಲಾಗೇತಿ," ಎಂದು ಬಿರಬಿರನೆ ಓಣಿ ದಾಟಿದ.

ಬಿಸಿಲೇರಿತ್ತು. ನನ್ನ ಹೊಟ್ಟೆಯಲ್ಲಿ ಜಿಲೇಬಿ, ಲಾಡು, ನಾನ್‌ಖಟಾಯಿ ಒಂದರ ಮೇಲೊಂದು ಕೂತು ಜಗಳವಾಡುತ್ತಿದ್ದವು. ಸಿಹಿ ತಿನ್ನುವುದೂ ಒಂದು ದುಡಿಮೆಯೆಂದು ಆವರೆಗೆ ತಿಳಿದಿರಲಿಲ್ಲ. ಊರಿನ ತುದಿಯಲ್ಲಿ, ಕಿಷ್ಟಮ್ಮ ಎಂಬ ಮುದುಕಿ ತನ್ನ ಪಡಸಾಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಕರ್ಜಿಕಾಯಿ. ಒಂದು ದೊಡ್ಡದು, ಒಂದು ಸಣ್ಣದು. ಒಂದರ ಅಂಚು ಎಡಕ್ಕೆ ಮಡಚಿದೆ, ಒಂದರ ಬೆನ್ನು ಕಂದಿದೆ.

ಮಹಾಂತಯ್ಯ ಕುಕ್ಕರಗಾಲಲ್ಲಿ ಕೂತು ಒಂದನ್ನು ಕಿವಿಯ ಹತ್ತಿರ ಅಲುಗಿಸಿದ. ಒಳಗೆ ಹೂರಣ ಉದುರಿ ಗಡಗಡ ಎಂದಿತು. ಅವನ ಮುಖ ಬೆಳಗಿತು.

"ಇದ ನೋಡು! ಹೂರಣ ಕಡಿಮಿ, ಅಂಚು ಸೊಟ್ಟ, ಬೆನ್ನು ಸುಟ್ಟೈತಿ. ಥೇಟ್ ಮನಿದು. ಶಂಕ್ರಕ್ಕನ ಕೈ ಅಂದ್ರ ಶಂಕ್ರಕ್ಕನ ಕೈ."

"ಅಕ್ಕಗ ಹೇಳ್ತೀನಿ ಈ ಮಾತು."

"ಹೇಳಿದ್ರ ನಾ ಮತ್ತ ಕಾಶಿಗೆ ಹೋಗಿ ನಿನ್ನ ಬಿಟ್ಟು ಬರ್ತೀನಿ," ಎಂದ.

ಬುಟ್ಟಿ ತುಂಬಿಸಿಕೊಂಡು ಬೀಗತಿಯ ಮನೆ ಮುಟ್ಟಿದಾಗ ನೆರಳು ಕಾಲ ಬುಡಕ್ಕೆ ಬಂದಿತ್ತು. ವೀರಬಸಮ್ಮ ಕಾಲಿಗೆ ನೀರು ಕೊಟ್ಟಳು, ಅಯ್ಯನವರಿಗೆ ಶರಣು ಮಾಡಿದಳು, ಕಂಬಳಿ ಹಾಸಿ ಕೂಡಿಸಿದಳು. ಶಿವಬಸಮ್ಮ ಒಳಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು. ಹೊಟ್ಟೆ ಮುಂದೆ ಬಂದು, ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ ನಕ್ಕಳು; ಆಮೇಲೆ ಬುಟ್ಟಿಯನ್ನು ನೋಡಿದಳು.

ವೀರಬಸಮ್ಮ ಸೀರೆ ನೋಡಿ ತಲೆಯಾಡಿಸಿದಳು. ಹಣ್ಣು ನೋಡಿ ತಲೆಯಾಡಿಸಿದಳು. ಕರ್ಜಿಕಾಯಿಯೊಂದನ್ನು ಎತ್ತಿ ತಿರುಗಿಸಿ ನೋಡಿದಳು, ತಲೆ ಆಡಲಿಲ್ಲ.

"ಬೀಗರ, ಇದನ್ನ ಯಾರು ಮಾಡಿದ್ರು?"

"ನಮ್ಮ ಅಕ್ಕರೀ. ಶಂಕ್ರಮ್ಮ."

"ಹೌದೇನ್ರಿ? ನಿಮ್ಮ ಅಕ್ಕ ನಾರಾಯಣಪ್ಯಾಟ್ಯಾಗ ಕುಂತು ನಮ್ಮ ಕಿಷ್ಟಮ್ಮನಂಗ ಅಂಚು ಎಡಕ್ಕ ಮಡಚತಾಳಲ್ಲ! ಆ ಮುದುಕಿಗೆ ಬಲಗೈ ಹೆಬ್ಬಟ್ಟು ಬಗ್ಗಂಗಿಲ್ಲ. ನನಗ ಗೊತ್ತಿಲ್ಲೇನು? ಪಂಚಮಿಗೆ ನಮ್ಮ ಮನಿಗೂ ಆಕಿನೇ ಮಾಡಿ..."

ಅಲ್ಲಿಗೆ ಮಾತು ನಿಂತಿತು. ಬಾಗಿಲ ಹಿಂದೆ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹಾಂತಯ್ಯ ಸೂರಿನ ಜಂತಿಗಳನ್ನು ಎಣಿಸತೊಡಗಿದ. ವೀರಬಸಮ್ಮನ ಮುಖ ಒಂದು ಕ್ಷಣ ಕೆಂಪಾಯಿತು; ಆದರೆ ಆಕೆ ಸೋಲುವವಳಲ್ಲ.

"ನಮ್ಮ ಮನಿ ಮಾತು ಬ್ಯಾರೆ. ನಾ ಯಾರ ಸೊಸೀನೂ ಬಾಣಂತನಕ್ಕ ಕರ್ಯಾಕ ಹೋಗಿಲ್ಲ. ಕೈ ಇದ್ದ ಮನಿ ಆಗಿದ್ರ ಕಿಷ್ಟಮ್ಮನ ಬುಟ್ಟಿ ಯಾಕ ಬರತಿತ್ತು? ಹುಡುಗಿ ಇಲ್ಲೇ ಇರ್ಲಿ ಬೀಗರ. ತಪ್ಪು ತಿಳಕೋಬ್ಯಾಡ್ರಿ."

ಮಗಳ ಸೆರಗು ಬಾಯಿಂದ ಕಣ್ಣಿಗೆ ಹೋಯಿತು. ಸುಳ್ಳು ಹೇಳಿದ ಬಾಯಲ್ಲಿ ನಿಜ ಹೇಳಿದರೆ ಯಾರು ಕೇಳುತ್ತಾರೆ?

ಆಗ ಮಹಾಂತಯ್ಯ ಶಲ್ಯದೊಳಗಿನಿಂದ ಡಬ್ಬಿ ತೆಗೆದು ನಡುವೆ ಇಟ್ಟ. ಮೂರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ.

"ಕೈ ಐತಿ, ತಾಯಿ. ಆ ಕೈ ಮಾಡಿದ್ದು ಇದು. ಮಾದ್ಲಿ. ಲಿಂಗಣ್ಣನ ತಪ್ಪಿಲ್ಲ. ಹೊಳ್ಯಾಗ ಮುಚ್ಚಳ ತಗದಾವ ನಾನು."

"ಯಾಕ ತಗದ್ರಿ?"

"ಮೂಸಾಕ."

ವೀರಬಸಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಇದೇನ್ರಿ ಇದು, ಕಲಸಿದ ಮಣ್ಣು ಇದ್ದಂಗೈತಿ."

"ಹಾಲು ಹಾಕೋದು ನಿಮ್ಮ ಕೆಲಸ ಇತ್ತು. ಹೊಳೆವ್ವ ಅವಸರ ಮಾಡಿ ನೀರು ಹಾಕಿದ್ಲು."

ಆಕೆಯ ತುಟಿಯ ತುದಿ ಅಲುಗಿತು, ಆದರೆ ನಗಲಿಲ್ಲ. "ಆತು. ತಿಂದು ನೋಡೋಣು. ಮೊದಲು ನೀವು ಬಾಯಾಗ ಹಾಕ್ರಿ ಅಯ್ಯನೋರ. ಅಯ್ಯನೋರು ಮುಟ್ಟದ ಸಿಹಿ ನಮ್ಮ ಮನಿಯಾಗ ಬಸುರಿ ಬಾಯಿಗೆ ಹಾಕಂಗಿಲ್ಲ. ನಮ್ಮ ಅಯ್ಯನೋರು ಇಟಿಕ್ಯಾಲಕ್ಕ ಹೋಗ್ಯಾರ. ನೀವ ಇದ್ದೀರಿ."

ಆ ಪದ್ಧತಿ ನಮ್ಮ ಮನೆಯಲ್ಲೂ ಇದೆ. ನನಗೆ ಅದು ನೆನಪೇ ಆಗಿರಲಿಲ್ಲ. ಇವನು ತಿಂದರೆ ಕಾಶಿ ಹೋಯಿತು. ತಿನ್ನದಿದ್ದರೆ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ, ಮಗಳು ಇಲ್ಲೇ ಉಳಿದಳು.

"ಬೀಗತೇರ, ಅವರು ಕಾಶ್ಯಾಗ ಸಿಹಿ ಬಿಟ್ಟು ಬಂದಾರ್ರಿ," ಎಂದೆ.

"ಅಯ್ಯ ಶಿವನ! ಎಲ್ಲಾ ಸಿಹಿನೂ?" ವೀರಬಸಮ್ಮ ನಿಜವಾಗಿಯೇ ಮರುಗಿದಳು. "ಸೋರಿಕಾಯಿ ಬಿಡಬಾರದಿತ್ತೇನ್ರಿ?"

ಮಹಾಂತಯ್ಯ ನನ್ನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದ. ಆ ಹುಡುಗಿ ಎರಡು ವರ್ಷದವಳಿದ್ದಾಗ ಅವನ ಜೋಳಿಗೆಯಲ್ಲಿ ಕೈ ಹಾಕಿ ಪ್ರಸಾದದ ಬೆಲ್ಲ ಕದಿಯುತ್ತಿದ್ದಳು. ಅವನು ಕದಿಯಲೆಂದೇ ಜೋಳಿಗೆಯನ್ನು ನೆಲದ ಮೇಲೆ ಇಡುತ್ತಿದ್ದ.

"ಸಿಹಿ ಬಿಟ್ಟಿದ್ದು ಖರೆ, ತಾಯಿ," ಎಂದ. "ಆದ್ರ ಇದು ಎಲ್ಲಿಯ ಸಿಹಿ? ಎರಡು ಸಲ ಸೋಸೀನಿ. ಬೆಲ್ಲ ಎಲ್ಲಾ ಹೊಳಿ ಪಾಲಾತು. ಈಗ ಇದು ಬರೀ ಗೋದಿ ಗಂಜಿ. ಗಂಜಿ ನಾ ಬಿಟ್ಟಿಲ್ಲ."

ಮೂರು ಬೆರಳಲ್ಲಿ ಒಂದು ತುತ್ತು ಎತ್ತಿದ. ಲಿಂಗವನ್ನು ನೆನೆದು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಗಂಜಿಯನ್ನು ಯಾರೂ ಅಷ್ಟು ಹೊತ್ತು ಅಗಿಯುವುದಿಲ್ಲ. ಅವನ ಗಂಟಲ ಮಣಿ ಮೇಲೇರಿ, ಒಂದು ಗಳಿಗೆ ಅಲ್ಲೇ ನಿಂತು, ಕೆಳಗಿಳಿಯಿತು.

"ಹೆಂಗೈತ್ರಿ?" ಎಂದಳು ವೀರಬಸಮ್ಮ.

"ಸಪ್ಪಗ," ಎಂದ, ಕಣ್ಣು ತೆರೆಯದೆ.

ಆಕೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ನಾಲಿಗೆ ಆಡಿಸಿದಳು. ಆಡಿಸುವುದನ್ನು ನಿಲ್ಲಿಸಿದಳು. ಮಹಾಂತಯ್ಯನ ಮುಖವನ್ನು ನೋಡಿದಳು, ಬಹಳ ಹೊತ್ತು. ಕೂತವಳು ಸೆರಗು ಸರಿಮಾಡಿಕೊಂಡಳು.

"ಹೌದು," ಎಂದಳು. "ಏನೂ ಸಿಹಿ ಇಲ್ಲ." ಎಂದವಳು ಇನ್ನೊಂದು ಹಿಡಿ ತೆಗೆದುಕೊಂಡಳು. "ಗೋದಿ ನುಣ್ಣಗ ಕುಟ್ಟಿಲ್ಲ, ಹಲ್ಲಿಗೆ ಸಿಗಬೇಕು ಅಷ್ಟ ಕುಟ್ಯಾರ. ಇದು ಕೈ. ಬಾರವ್ವ ಶಿವಬಸವ್ವ, ಇಲ್ಲಿ ಕುಂದ್ರು."

ಮಗಳು ಬಂದು ಕೂತಳು. ಅತ್ತೆ ತುತ್ತು ಮಾಡಿ ಬಾಯಿಗಿಟ್ಟಳು. ಹುಡುಗಿಯ ಕಣ್ಣು ಅರಳಿದವು.

"ಅಯ್, ಎಷ್ಟು ಸಿ..."

ಉಳಿದ ಮಾತು ಹೊರಗೆ ಬರುವ ಮೊದಲೇ ವೀರಬಸಮ್ಮ ಎರಡನೆಯ ತುತ್ತನ್ನು ತುರುಕಿದಳು. "ಮಾತಾಡಬ್ಯಾಡ. ಬಸುರಿ ಉಣ್ಣುವಾಗ ಮಾತಾಡಿದ್ರ ಕೂಸು ವಾಚಾಳಿ ಆಗ್ತೈತಿ." ಮೂರನೆಯ ತುತ್ತನ್ನೂ ಇಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಬೀಗರ, ಹುಣ್ಣಿವಿ ಆದ ಮ್ಯಾಲ ಬಂದು ಕರಕೊಂಡು ಹೋಗ್ರಿ. ಪುಟ್ಟ್ಯಾಗ ಹುಡುಗಿನ್ನ ಅಯ್ಯನೋರ ಬಾಜೂಕ ಮಾತ್ರ ಕೂಡಸಬ್ಯಾಡ್ರಿ."

ಕರ್ಜಿಕಾಯಿಯ ಬುಟ್ಟಿಯನ್ನು ಆಕೆ ತಿರುಗಿಸಿ ಕೊಡಲಿಲ್ಲ.

ಮರುದಿನ ಹೊಳೆ ದಾಟುವಾಗ ಖಾಲಿ ಡಬ್ಬಿ ನನ್ನ ಮಡಿಲಲ್ಲಿತ್ತು. ಮಹಾಂತಯ್ಯ ನೀರನ್ನೇ ನೋಡುತ್ತ ಕೂತಿದ್ದ. ಬೆಳಿಗ್ಗೆ ಅವನು ಪೂಜೆಗೆ ಎಂದಿಗಿಂತ ಹೆಚ್ಚು ಹೊತ್ತು ಕೂತದ್ದನ್ನು ನಾನು ಗಮನಿಸಿದ್ದೆ. ಏನಾದರೂ ಹೇಳಬೇಕೆನಿಸಿತು. ಮೂವತ್ತು ವರ್ಷದ ಗೆಳೆತನದಲ್ಲಿ ನಾವು ಒಬ್ಬರಿಗೊಬ್ಬರು ಒಳ್ಳೆಯ ಮಾತು ಹೇಳಿ ರೂಢಿಯಿಲ್ಲ. ಅದಕ್ಕೆ ಕೇಳಿದೆ:

"ಮಾಂತಯ್ಯ, ನಿನ್ನೆ ಗಂಜಿ ಹೆಂಗಿತ್ತು?"

ಅವನು ನಾಲಿಗೆಯಿಂದ ಮೇಲ್ದುಟಿಯನ್ನು ಒಮ್ಮೆ ಸವರಿಕೊಂಡ.

"ಉಪ್ಪು ಸ್ವಲ್ಪ ಕಡಿಮಿ ಇತ್ತು," ಎಂದ.